ಗಾಯಕ್ಕೆ ಜೇನು: ಒಂದು ಐತಿಹಾಸಿಕ ಅವಲೋಕನ



ನಮ್ಮ ಜನಜೀವನದಲ್ಲಿ ಜೇನುತುಪ್ಪಕ್ಕಿರುವ ಸ್ಥಾನವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅಭಿಷೇಕಕ್ಕೆ ಸಿದ್ಧಪಡಿಸುವ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಸಕ್ಕರೆಗಳೊಡನೆ ಅದೂ ಒಂದು. ಹಿರಿಯರ ಮನೆಮದ್ದಿನಲ್ಲಿ ಶುಂಠಿ ಮೆಣಸುಗಳಿಗೆ ಅನುಪಾನವೆಂದರೆ ಜೇನು. ಒಲೆಯ ಮುಂದೆ ಕೈ ಸುಟ್ಟುಕೊಂಡ ಹೆಣ್ಣುಮಕ್ಕಳು, ಕುಡುಗೋಲು ತಾಗಿಸಿಕೊಂಡ ಒಕ್ಕಲಿಗರು ಅದನ್ನು ಗಾಯಕ್ಕೆ ಹಚ್ಚಿಕೊಳ್ಳುವುದೂ ರೂಢಿಯಲ್ಲಿದೆ. ಇಷ್ಟು ಪರಿಚಿತವಾದ ವಸ್ತುವಿನ ಬಗೆಗೆ ಈಗ ಬರೆಯಲು ಒಂದು ಕಾರಣ ಒದಗಿದೆ. ಅದು ಸಂತೋಷದ ಕಾರಣವಲ್ಲ.

ಬಹಳ ವರ್ಷಗಳ ಹಿಂದೆ ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿದ ಹಿರಿಯರೊಬ್ಬರು ಒಮ್ಮೆ ದರ್ಶನಕ್ಕೆ ಬಂದಿದ್ದರು. ಈಗ ಊರಲ್ಲಿ ಒಕ್ಕಲುತನ ಮಾಡಿಕೊಂಡಿರುವವರು. ಅಂಗಾಲಿನಲ್ಲಿ, ಹೆಬ್ಬೆರಳ ಬುಡಕ್ಕೆ, ಒಂದು ಸಣ್ಣ ಹುಣ್ಣಾಗಿತ್ತು. ಹೊಲದಲ್ಲಿ ಮುಳ್ಳು ತುಳಿದದ್ದಿರಬೇಕು ಎಂದರು. ನೋವಿದೆಯೇ ಎಂದು ಕೇಳಿದೆವು. "ಏನೂ ನೋವಿಲ್ಲರೀ ಅಪ್ಪಾರ" ಎಂದರು. ನೋವಿಲ್ಲವೆಂಬುದನ್ನು ನಾವು ಶುಭಸೂಚನೆಯೆಂದೇ ಭಾವಿಸಿದೆವು. ಸುಶ್ರುತನ ಹೆಸರು ಹೇಳಿ, ಜೇನು ವ್ರಣರೋಪಕವೆಂದು ವಿವರಿಸಿ, ದಿನವೂ ಹಚ್ಚಿ ಬಟ್ಟೆ ಕಟ್ಟಿರೆಂದು ಹೇಳಿ ಕಳುಹಿದೆವು. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ರೋಗವಿತ್ತು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಸುಮಾರು ಮೂರು ವಾರಗಳ ಮೇಲೆ ಬೆರಳು ಕಪ್ಪಾಗಿ, ಜ್ವರ ಬಂದು, ಮಕ್ಕಳು ಆಸ್ಪತ್ರೆಗೆ ಸೇರಿಸಿದಾಗ ಎರಡು ಬೆರಳುಗಳನ್ನು ತೆಗೆಯದೆ ಬೇರೆ ದಾರಿ ಉಳಿದಿರಲಿಲ್ಲ. ನೋಡಲು ಹೋದಾಗ ಅವರು ನಮ್ಮನ್ನು ಆಕ್ಷೇಪಿಸಲಿಲ್ಲ. "ನೀವು ಹೇಳಿದಂಗ ದಿನಾ ಹಚ್ಚೀನ್ರೀ ಅಪ್ಪಾರ, ಒಂದ ದಿನಾನೂ ತಪ್ಪಿಸಿಲ್ಲ" ಎಂದರು. ಆಕ್ಷೇಪಿಸಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಜೇನು ಗಾಯಕ್ಕೆ ಮದ್ದೆಂಬ ನಂಬಿಕೆ ಸುಳ್ಳೇ? ಪೂರ್ವಿಕರು ತಪ್ಪಿದರೇ? ಅಥವಾ ತಪ್ಪಿದವರು ನಾವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹಳೆಯ ಗ್ರಂಥಗಳನ್ನು ಮತ್ತೊಮ್ಮೆ ತೆರೆದೆವು. ಕಂಡದ್ದನ್ನು ಓದುಗರ ಮುಂದಿಡುತ್ತೇವೆ.

ಈಜಿಪ್ತಿನ ಸಾಕ್ಷ್ಯ

ಗಾಯಗಳ ಚಿಕಿತ್ಸೆಯನ್ನು ಕುರಿತು ಜಗತ್ತಿನಲ್ಲಿ ಉಳಿದುಬಂದಿರುವ ಅತ್ಯಂತ ಪ್ರಾಚೀನ ಗ್ರಂಥಗಳಲ್ಲಿ ಒಂದು ಈಜಿಪ್ತಿನದು. 1862ರಲ್ಲಿ ಲಕ್ಸರ್ ಪಟ್ಟಣದಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಪಪೈರಸ್ ಸುರುಳಿಯೊಂದನ್ನು ಕೊಂಡನು. ಸುಮಾರು ಕ್ರಿ.ಪೂ. 1600ರಲ್ಲಿ ಅದಕ್ಕೂ ಹಳೆಯ ಮೂಲವೊಂದರಿಂದ ನಕಲು ಮಾಡಿದ ಈ ಗ್ರಂಥವನ್ನು ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಎಂಬ ವಿದ್ವಾಂಸರು ಇಂಗ್ಲಿಷಿಗೆ ಅನುವಾದಿಸಿ 1930ರಲ್ಲಿ ಪ್ರಕಟಿಸಿದರು. ಇದರಲ್ಲಿ 48 ಪ್ರಕರಣಗಳಿವೆ. ನೆತ್ತಿಯ ಗಾಯದಿಂದ ಮೊದಲುಗೊಂಡು ಮುಖ, ಕುತ್ತಿಗೆ, ಭುಜ, ಎದೆ ಎಂದು ಕ್ರಮವಾಗಿ ಕೆಳಕ್ಕಿಳಿಯುವ ಈ ಗ್ರಂಥ ಬೆನ್ನೆಲುಬಿನ ಪ್ರಕರಣದ ನಡುವೆಯೇ ನಿಂತುಹೋಗಿದೆ.

ತಲೆಯ ಗಾಯಕ್ಕೆ ಅಲ್ಲಿ ಹೇಳಿರುವ ಚಿಕಿತ್ಸೆ ಸರಳವಾದುದು. ಮೊದಲ ದಿನ ಹಸಿ ಮಾಂಸವನ್ನಿಟ್ಟು ಕಟ್ಟಬೇಕು. ಆಮೇಲೆ ಗುಣವಾಗುವವರೆಗೆ ಪ್ರತಿದಿನವೂ ಕೊಬ್ಬು, ಜೇನು ಮತ್ತು ನಾರಿನ ಅರಳೆಯನ್ನು ಬಳಸಬೇಕು. ಪ್ರಕರಣದಿಂದ ಪ್ರಕರಣಕ್ಕೆ ಇದೇ ವಿಧಾನ ಮತ್ತೆ ಮತ್ತೆ ಬರುತ್ತದೆ.

ವಿದ್ಯಾರ್ಥಿದೆಸೆಯಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬ್ರೆಸ್ಟೆಡ್ಡರ ಗ್ರಂಥವನ್ನು ಓದಿದಾಗ ನಾವು ಟಿಪ್ಪಣಿ ಮಾಡಿಕೊಂಡದ್ದು ಜೇನಿನ ಸಾಲುಗಳನ್ನು ಮಾತ್ರ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅಲ್ಲಿದೆ. ಗಾಯವನ್ನು ಪರೀಕ್ಷಿಸಿದ ಬಳಿಕ ವೈದ್ಯನು ಮೂರು ತೀರ್ಪುಗಳಲ್ಲಿ ಒಂದನ್ನು ಹೇಳಬೇಕು: ಇದು ನಾನು ಚಿಕಿತ್ಸೆ ಮಾಡುವ ಗಾಯ, ಇದು ನಾನು ಹೋರಾಡಿ ನೋಡುವ ಗಾಯ, ಇದು ಚಿಕಿತ್ಸೆಗೆ ಮೀರಿದ ಗಾಯ. ಕುತ್ತಿಗೆಯ ಎಲುಬು ಜಾರಿ ಕೈಕಾಲುಗಳ ಅರಿವು ಹೋದವನ ವಿಷಯದಲ್ಲಿ ಮೂರನೆಯ ತೀರ್ಪನ್ನೇ ಕೊಡಲಾಗಿದೆ. ಮೊದಲು ಪರೀಕ್ಷೆ, ಆಮೇಲೆ ತೀರ್ಪು, ಅದರ ಮೇಲೆ ಜೇನು. ಇದು ಅವರ ಕ್ರಮ.

1975ರಲ್ಲಿ ಪ್ರಕಟವಾದ 'ದಿ ಹೀಲಿಂಗ್ ಹ್ಯಾಂಡ್' ಎಂಬ ಗ್ರಂಥದಲ್ಲಿ ಗೈಡೊ ಮಾಯ್ನೊ ಎಂಬ ರೋಗವಿಜ್ಞಾನಿ ಈ ಪ್ರಾಚೀನ ಲೇಪವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಪರೀಕ್ಷಿಸಿದ ವಿವರವನ್ನು ಕೊಟ್ಟಿದ್ದಾರೆ. ಜೇನು ಮತ್ತು ಕೊಬ್ಬಿನ ಮಿಶ್ರಣದಲ್ಲಿ ಸೇರಿಸಿದ ರೋಗಾಣುಗಳು ಬೆಳೆಯಲಿಲ್ಲ, ಕ್ರಮೇಣ ಸತ್ತುಹೋದವು. ಈಜಿಪ್ತಿನವರ ಲೇಪ ಬರಿಯ ನಂಬಿಕೆಯಾಗಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಸುಶ್ರುತನ ಮಧುಘೃತ

ಇನ್ನು ನಮ್ಮ ದೇಶದ ಸಂಗತಿ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳಿದೆ. ಲಂಘನದಿಂದ ಹಿಡಿದು ಶಸ್ತ್ರಕರ್ಮ, ಬಂಧನ, ಆಹಾರಗಳವರೆಗೆ ಹರಡಿರುವ ಈ ಪಟ್ಟಿಯಲ್ಲಿ 'ಮಧುಸರ್ಪಿ' ಎಂಬುದೂ ಒಂದು. ಸರ್ಪಿಯೆಂದರೆ ತುಪ್ಪ. ಉದ್ದವಾಗಿ ಸೀಳಿದ ಹೊಸ ಗಾಯದಲ್ಲಿ ಅದರ ಬಿಸಿಯನ್ನು ತಗ್ಗಿಸುವುದಕ್ಕೂ ಸೀಳಿದ ಭಾಗ ಕೂಡಿಕೊಳ್ಳುವುದಕ್ಕೂ ಜೇನುತುಪ್ಪ ಮತ್ತು ತುಪ್ಪವನ್ನು ಹಚ್ಚಬೇಕೆಂಬುದು ಸುಶ್ರುತನ ಮತ.

ಜೇನನ್ನೂ ತುಪ್ಪವನ್ನೂ ಸಮತೂಕದಲ್ಲಿ ಬೆರೆಸಬಾರದೆಂದು ಆಯುರ್ವೇದ ಹೇಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆ ನಿಷೇಧ ಹೊಟ್ಟೆಗೆ ತೆಗೆದುಕೊಳ್ಳುವ ವಿಷಯಕ್ಕೆ ಸಂಬಂಧಿಸಿದ್ದು, ಮೈಮೇಲಿನ ಲೇಪಕ್ಕಲ್ಲ.

ಹರಿದ ಕಿವಿಯ ಹಾಲೆಯನ್ನು ಜೋಡಿಸುವ ಕ್ರಮವನ್ನು ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಓದಿದರೆ ಆ ಕೈಗಳ ನಯ ಕಣ್ಣಿಗೆ ಕಟ್ಟುತ್ತದೆ. ಹಾಲೆಯನ್ನು ಕೂಡಿಸಿದ ಮೇಲೆ ಜೇನು ತುಪ್ಪಗಳನ್ನು ಸವರಿ, ಅರಳೆ ಅಥವಾ ಬಟ್ಟೆಯಿಂದ ಮುಚ್ಚಿ, ಹೆಚ್ಚು ಬಿಗಿಯೂ ಅಲ್ಲದೆ ಹೆಚ್ಚು ಸಡಿಲವೂ ಅಲ್ಲದೆ ದಾರದಿಂದ ಕಟ್ಟಬೇಕು. ಇದು ಮಾಡಿ ಅರಿತವನ ಮಾತು.

ಅದೇ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಪೌತ್ತಿಕ, ಭ್ರಾಮರ, ಕ್ಷೌದ್ರ, ಮಾಕ್ಷಿಕ ಮುಂತಾಗಿ ಎಂಟು ಬಗೆಯ ಜೇನುಗಳ ವಿವರವಿದೆ. ನಮ್ಮ ಕಾಡುಮೇಡಿನ ಜನ ಹೆಜ್ಜೇನು, ತುಡುವೆಜೇನು, ಕೋಲುಜೇನು ಎಂದು ಬೇರೆಬೇರೆಯಾಗಿ ಗುರುತಿಸುವಂತೆ ಸುಶ್ರುತನೂ ಜೇನೆಲ್ಲ ಒಂದೇ ಎಂದು ಭಾವಿಸಲಿಲ್ಲ. ಹೊಸ ಜೇನಿನ ಗುಣ ಬೇರೆ, ಹಳೆಯ ಜೇನಿನ ಗುಣ ಬೇರೆ ಎಂದನು. ವ್ರಣವನ್ನು ಶುದ್ಧಿಗೊಳಿಸುವ, ಕೂಡಿಸುವ, ಮಾಯಿಸುವ ಶಕ್ತಿ ಅದಕ್ಕುಂಟೆಂದನು. ಅದನ್ನು ಬಿಸಿಮಾಡಿ ಬಳಸಬಾರದೆಂದೂ ಎಚ್ಚರಿಸಿದನು.

ಇಷ್ಟನ್ನು ನಾವು ಎಳೆಯ ವಯಸ್ಸಿನಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ್ದೆವು, ಉಪನ್ಯಾಸಗಳಲ್ಲಿ ಹಲವು ಸಲ ಹೇಳಿಯೂ ಇದ್ದೆವು. ಆದರೆ ಆಸ್ಪತ್ರೆಯಿಂದ ಮಠಕ್ಕೆ ಮರಳಿದ ಆ ರಾತ್ರಿ ಸೂತ್ರಸ್ಥಾನವನ್ನು ತೆರೆದಾಗ 23ನೆಯ ಅಧ್ಯಾಯದ ಶ್ಲೋಕವೊಂದು ಕಣ್ಣಿಗೆ ಬಿದ್ದಿತು. ಯಾರ ವ್ರಣಗಳು ಕಷ್ಟದಿಂದ ಮಾಯುತ್ತವೆ ಎಂದು ಅದರಲ್ಲಿ ಎಣಿಸಿದೆ: ಕುಷ್ಠವುಳ್ಳವರು, ವಿಷ ಸೋಂಕಿದವರು, ಕ್ಷಯದಿಂದ ಸೊರಗಿದವರು ಮತ್ತು ಮಧುಮೇಹಿಗಳು.

ಓದುಗರೇ, ಇದು ಹೊಸದಾಗಿ ದೊರೆತ ಶ್ಲೋಕವಲ್ಲ. ನಾವು ಕಂಠಪಾಠ ಮಾಡಿದ್ದೇ. ಯಾವ ಸುಶ್ರುತನ ಹೆಸರು ಹೇಳಿ ಜೇನು ಹಚ್ಚಲು ಹೇಳಿದೆವೋ ಅದೇ ಸುಶ್ರುತನು ಇಂಥ ರೋಗಿಯ ಬಗೆಗೆ ಜಾಗ್ರತೆ ಎಂದು ಬರೆದಿಟ್ಟಿದ್ದನು. ನಾವು ಶಾಸ್ತ್ರದ ಅರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದ್ದೆವು. ಹೆಮ್ಮೆ ತರುವ ಅರ್ಧ ನೆನಪಿನಲ್ಲಿ ಉಳಿದಿತ್ತು, ಕೈ ಹಿಡಿದು ನಿಲ್ಲಿಸುವ ಅರ್ಧ ಮರೆತುಹೋಗಿತ್ತು.

ಕರ್ನಾಟಕದ ಇತಿಹಾಸದಲ್ಲಿಯೂ ಇಲ್ಲಿ ಸ್ಮರಿಸಬೇಕಾದ ವಿಷಯವೊಂದುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು ಅಹಿಂಸಾದೃಷ್ಟಿಯಿಂದ ಮದ್ಯ, ಮಾಂಸ, ಮಧು ಮೂರನ್ನೂ ಔಷಧಗಳಿಂದ ದೂರವಿಟ್ಟನು. ಶಾಸ್ತ್ರವನ್ನು ಗೌರವಿಸುವುದೆಂದರೆ ಅದರಲ್ಲಿರುವುದನ್ನೆಲ್ಲ ಕಣ್ಣುಮುಚ್ಚಿ ಹೇಳುವುದಲ್ಲ, ವಿಚಾರಿಸಿ ಆರಿಸಿಕೊಳ್ಳುವುದೆಂದು ಈ ನಾಡಿನ ವೈದ್ಯನೊಬ್ಬನು ಅಂದೇ ತೋರಿಸಿದ್ದನು.

ರಾಜಕುಮಾರನ ಮುಖದ ಬಾಣ

ಪಾಶ್ಚಾತ್ಯ ದೇಶಗಳಲ್ಲಿಯೂ ಈ ಪದ್ಧತಿ ಅವಿಚ್ಛಿನ್ನವಾಗಿ ನಡೆದುಬಂದಿತ್ತು. ಗ್ರೀಸಿನ ಅರಿಸ್ಟಾಟಲನು ಬಿಳಿಯ ಜೇನು ಕಣ್ಣಿಗೂ ಗಾಯಕ್ಕೂ ಒಳ್ಳೆಯದೆಂದಿದ್ದಾನೆ. ಕ್ರಿಸ್ತಶಕ ಮೊದಲನೆಯ ಶತಮಾನದ ಡಯಾಸ್ಕೊರಿಡೀಸನು ಕೊಳೆತ ಹಾಗೂ ಆಳವಾದ ಹುಣ್ಣುಗಳಿಗೆ ಅದನ್ನು ಹೇಳಿದ್ದಾನೆ. ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಜೇನ್ನೊಣದ ಹೆಸರೇ ಇದ್ದು, ಜೇನಿನಲ್ಲಿ ಮನುಷ್ಯರಿಗೆ ಉಪಶಮನವಿದೆಯೆಂದು ಅಲ್ಲಿ ಹೇಳಿದೆ.

ಇಂಗ್ಲೆಂಡಿನ ಇತಿಹಾಸದ ಒಂದು ಪ್ರಸಂಗ ಮಾತ್ರ ವಿವರವಾಗಿ ಹೇಳತಕ್ಕದ್ದು. 1403ರ ಜುಲೈ 21ರಂದು ಶ್ರೂಸ್‌ಬರಿಯಲ್ಲಿ ನಡೆದ ಕಾಳಗದಲ್ಲಿ 16 ವರ್ಷದ ರಾಜಕುಮಾರ ಹೆನ್ರಿಯ ಮುಖಕ್ಕೆ, ಮೂಗಿನ ಪಕ್ಕದಲ್ಲಿ, ಬಾಣ ನಾಟಿತು. ಎಳೆದಾಗ ಕೋಲು ಮಾತ್ರ ಬಂದು ಬಾಣದ ಮೊನೆ ಸುಮಾರು ಆರು ಅಂಗುಲ ಆಳದಲ್ಲಿ ಎಲುಬಿನಲ್ಲಿ ಉಳಿದುಬಿಟ್ಟಿತು. ಜಾನ್ ಬ್ರ್ಯಾಡ್‌ಮೋರ್ ಎಂಬ ಶಸ್ತ್ರವೈದ್ಯನು ಗಿಡದ ಒಳತಿರುಳಿನ ಕಡ್ಡಿಗಳಿಗೆ ಶುದ್ಧವಾದ ಬಟ್ಟೆ ಸುತ್ತಿ, ಗುಲಾಬಿ ಬೆರೆಸಿದ ಜೇನಿನಲ್ಲಿ ನೆನೆಸಿ, ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಗಾಯದೊಳಗೆ ಇಡುತ್ತ ದಾರಿಯನ್ನು ಅಗಲಗೊಳಿಸಿದನು. ಅದಕ್ಕೆಂದೇ ತಾನು ರೂಪಿಸಿದ ತಿರುಪಿನ ಇಕ್ಕಳದಿಂದ ಮೊನೆಯನ್ನು ಮೆಲ್ಲನೆ ಹೊರತೆಗೆದು, ಗಾಯವನ್ನು ಬಿಳಿ ದ್ರಾಕ್ಷಾರಸದ ಮದ್ಯದಿಂದ ತೊಳೆದು, ಜೇನು, ಜವೆಗೋದಿಯ ಹಿಟ್ಟು ಮೊದಲಾದವುಗಳ ಲೇಪವನ್ನು ಬತ್ತಿಯಂತೆ ತುಂಬಿದನು. ಎರಡೆರಡು ದಿನಕ್ಕೊಮ್ಮೆ ಬತ್ತಿಯನ್ನು ಗಿಡ್ಡ ಮಾಡುತ್ತ ಬಂದನು. 20 ದಿನಗಳಲ್ಲಿ ಗಾಯ ಶುದ್ಧವಾಯಿತು. ಆ ಹುಡುಗನೇ ಮುಂದೆ ಐದನೆಯ ಹೆನ್ರಿಯಾಗಿ 1415ರಲ್ಲಿ ಅಜಿನ್‌ಕೋರ್ಟಿನ ಯುದ್ಧವನ್ನು ಗೆದ್ದವನು.

ಇಲ್ಲಿ ರಾಜಕುಮಾರನನ್ನು ಉಳಿಸಿದ್ದು ಜೇನೊಂದೇ ಅಲ್ಲವೆಂಬುದನ್ನು ಗಮನಿಸಬೇಕು. ಮೊನೆಯನ್ನು ತೆಗೆಯುವ ಕೌಶಲ, ತೊಳೆಯುವ ಶುಚಿತ್ವ, ಮೂರು ವಾರ ಬಿಡದೆ ನೋಡಿಕೊಂಡ ಕಣ್ಣು, ಇವುಗಳ ಜೊತೆಗೆ ಜೇನು ಇತ್ತು.

ಮರೆವು ಮತ್ತು ಮರುಶೋಧ

1892ರಲ್ಲಿ ವಾನ್ ಕೆಟೆಲ್ ಎಂಬ ಡಚ್ ವಿಜ್ಞಾನಿ ಜೇನು ರೋಗಾಣುಗಳನ್ನು ತಡೆಯುತ್ತದೆಂದು ಗುರುತಿಸಿದನು. ಆದರೆ 1930ರ ದಶಕದಲ್ಲಿ ಸಲ್ಫಾ ಔಷಧಗಳೂ 1940ರ ದಶಕದಲ್ಲಿ ಪೆನಿಸಿಲಿನ್ನೂ ಬಂದ ಮೇಲೆ ಆಸ್ಪತ್ರೆಗಳಲ್ಲಿ ಜೇನನ್ನು ಕೇಳುವವರಿರಲಿಲ್ಲ. ಕಾಲಕ್ರಮದಲ್ಲಿ ಔಷಧಗಳಿಗೆ ಬಗ್ಗದ ರೋಗಾಣುಗಳು ತಲೆಯೆತ್ತಿದಾಗ ವಿಜ್ಞಾನಿಗಳು ಮತ್ತೆ ಹಳೆಯ ಮದ್ದಿನತ್ತ ತಿರುಗಿದರು.

ಜೇನು ಹೇಗೆ ಕೆಲಸ ಮಾಡುತ್ತದೆ ಎಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ಅದರಲ್ಲಿ ಸುಮಾರು ನೂರಕ್ಕೆ 80 ಭಾಗ ಸಕ್ಕರೆಗಳು. ನೀರು 20 ಭಾಗಕ್ಕಿಂತ ಕಡಿಮೆ. ಉಪ್ಪಿನಕಾಯಿಯ ಉಪ್ಪು ಹೋಳಿನ ನೀರನ್ನು ಎಳೆಯುವಂತೆ ಜೇನು ರೋಗಾಣುವಿನೊಳಗಿನ ನೀರನ್ನೆಳೆದು ಅದನ್ನು ಬತ್ತಿಸುತ್ತದೆ. ಎರಡನೆಯದಾಗಿ, ಜೇನು ಆಮ್ಲಗುಣವುಳ್ಳದ್ದು. ಅನೇಕ ರೋಗಾಣುಗಳಿಗೆ ಅದು ಒಗ್ಗದು. ಮೂರನೆಯದು ಹೆಚ್ಚು ಸ್ವಾರಸ್ಯಕರವಾದುದು. ಜೇನ್ನೊಣ ಮಕರಂದಕ್ಕೆ ಸೇರಿಸುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು, ಗಾಯದ ರಸದಿಂದ ಜೇನು ತೆಳುವಾದಾಗ ಎಚ್ಚೆತ್ತು, ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕ್ರಿಮಿನಾಶಕವನ್ನು ಬಿಂದುಬಿಂದುವಾಗಿ ಉಂಟುಮಾಡುತ್ತದೆ. ಔಷಧದಂಗಡಿಯ ಪೆರಾಕ್ಸೈಡಿಗೆ ಹೋಲಿಸಿದರೆ ಇದರ ತೀಕ್ಷ್ಣತೆ ಸುಮಾರು ಸಾವಿರದಲ್ಲೊಂದು ಪಾಲು. ಆದ್ದರಿಂದ ಚಿಗುರುತ್ತಿರುವ ಮಾಂಸಕ್ಕೆ ಹಾನಿಯಾಗದು. ಬಿಸಿ ತಾಗಿದರೆ ಈ ಕಿಣ್ವ ಕೆಡುತ್ತದೆ. ಹಾಗೆಂದು ಸುಶ್ರುತನಿಗೆ ಕಿಣ್ವ ಗೊತ್ತಿತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಬಿಸಿಮಾಡಬಾರದೆಂಬುದಕ್ಕೆ ಅವನು ಕೊಟ್ಟ ಕಾರಣ ಬೇರೆ.

ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಅವರು ಅಲ್ಲಿಯ ಮನುಕಾ ಗಿಡದ ಜೇನಿನಲ್ಲಿ ಪೆರಾಕ್ಸೈಡ್ ಇಲ್ಲದೆಯೂ ಇಂಥ ಶಕ್ತಿಯಿರುವುದನ್ನು ತೋರಿಸಿದರು. ಅದರ ಕಾರಣ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕವೆಂದು 2008ರಲ್ಲಿ ತಿಳಿಯಿತು. ಜೇನೆಲ್ಲ ಒಂದೇ ಅಲ್ಲವೆಂಬ ಸುಶ್ರುತನ ಮಾತಿಗೆ ಈ ವಿಷಯದಲ್ಲಿ ಪುಷ್ಟಿ ದೊರೆತಂತಾಯಿತು.

ಸೊನ್ನಲಿಗೆಯಲ್ಲಿ ನಡೆದ ಪ್ರಯೋಗ

ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಈ ಇತಿಹಾಸದಲ್ಲಿಯೂ ಬರುತ್ತದೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದಿರಲಾರದು. ಅಲ್ಲಿಯ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಡಾ. ಎಂ. ಸುಬ್ರಹ್ಮಣ್ಯಂ ಅವರು ಸುಟ್ಟಗಾಯಗಳ 104 ರೋಗಿಗಳಲ್ಲಿ 52 ಜನರಿಗೆ ಜೇನನ್ನೂ ಉಳಿದ 52 ಜನರಿಗೆ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಬೆಳ್ಳಿಯ ಅಂಶದ ಮುಲಾಮನ್ನೂ ಹಚ್ಚಿ, ಫಲಿತಾಂಶವನ್ನು 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಏಳು ದಿನಗಳಲ್ಲಿ ಜೇನು ಹಚ್ಚಿದ ಗಾಯಗಳಲ್ಲಿ ನೂರಕ್ಕೆ 91 ಸೋಂಕುರಹಿತವಾದವು, ಮುಲಾಮಿನವು ನೂರಕ್ಕೆ 7 ಮಾತ್ರ. 15 ದಿನಗಳಲ್ಲಿ ಮಾಯ್ದವು ಕ್ರಮವಾಗಿ ನೂರಕ್ಕೆ 87 ಮತ್ತು 10. ಈ ಪ್ರಯೋಗ ಜಗತ್ತಿನ ಗಮನ ಸೆಳೆಯಿತು.

ಆದರೆ ಒಂದು ಊರಿನ ಒಂದು ಪ್ರಯೋಗದಿಂದ ತೀರ್ಮಾನ ಸಾಧ್ಯವಿಲ್ಲ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2015ರಲ್ಲಿ 26 ಪ್ರಯೋಗಗಳನ್ನು, ಒಟ್ಟು 3,011 ರೋಗಿಗಳ ವಿವರಗಳನ್ನು ತೂಗಿ ನೋಡಿತು. ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯಗಳು ಸಾಮಾನ್ಯ ಪಟ್ಟಿಗಳಿಗಿಂತ ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತವೆ. ಶಸ್ತ್ರಕ್ರಿಯೆಯ ಬಳಿಕ ಸೋಂಕು ತಗಲಿದ ಗಾಯಗಳಿಗೂ ಪ್ರಯೋಜನ ಕಾಣುತ್ತದೆ. ರಕ್ತನಾಳದ ದೋಷದಿಂದಾಗುವ ಕಾಲಿನ ಹುಣ್ಣುಗಳಿಗೆ ವಿಶೇಷ ಲಾಭ ಕಾಣದು. ಉಳಿದವುಗಳ ಬಗೆಗೆ ಖಚಿತವಾಗಿ ಹೇಳಲು ಆಧಾರ ಸಾಲದು. ಇದು ಅದರ ಸಾರಾಂಶ. ಮಧುಮೇಹಿಗಳ ಪಾದವನ್ನು ಕುರಿತ ಅಂತರರಾಷ್ಟ್ರೀಯ ತಜ್ಞಮಂಡಲಿಯಂತೂ 2023ರ ಸೂತ್ರಗಳಲ್ಲಿ ಪಾದದ ಹುಣ್ಣನ್ನು ಮಾಯಿಸಲು ಜೇನನ್ನು ಬಳಸಬಾರದೆಂದೇ ಹೇಳಿತು.

ಸುಶ್ರುತನ ಶ್ಲೋಕವೂ ಈ ಸೂತ್ರವೂ ಒಂದೇ ರೋಗಿಯತ್ತ ಬೆರಳು ತೋರುತ್ತಿವೆ. ಸಕ್ಕರೆ ರೋಗ ಹಳೆಯದಾದಾಗ ಪಾದದ ನರಗಳು ಜಡವಾಗುತ್ತವೆ, ರಕ್ತಸಂಚಾರ ಕುಗ್ಗುತ್ತದೆ. ನೋವಿಲ್ಲದ ಹುಣ್ಣೇ ಆಗ ಹೆಚ್ಚು ಅಪಾಯದ ಹುಣ್ಣು. ನಾವು ಶುಭಸೂಚನೆಯೆಂದು ಭಾವಿಸಿದ್ದು ಇದನ್ನೇ.

ಓದುಗರಲ್ಲಿ ವಿಜ್ಞಾಪನೆ

ಇದುವರೆಗಿನ ಅವಲೋಕನದಿಂದ ತಿಳಿದುಬರುವುದು ಇಷ್ಟು. ಪೂರ್ವಿಕರು ತಪ್ಪಲಿಲ್ಲ. ಜೇನಿಗೆ ಗಾಯವನ್ನು ಮಾಯಿಸುವ ಶಕ್ತಿ ನಿಜವಾಗಿಯೂ ಉಂಟು. ಆದರೆ ಅವರು ಮದ್ದಿನ ಜೊತೆಗೆ ಮದ್ದಿನ ಮೇರೆಯನ್ನೂ ಹೇಳಿಟ್ಟರು. ಈಜಿಪ್ತಿನ ವೈದ್ಯನ ಮೂರು ತೀರ್ಪುಗಳು, ಸುಶ್ರುತನ ಕಷ್ಟಸಾಧ್ಯರ ಪಟ್ಟಿ, ಎರಡೂ ಹೇಳುವುದು ಇದನ್ನೇ. ಮೇರೆಯನ್ನು ಬಿಟ್ಟು ಮದ್ದನ್ನು ಮಾತ್ರ ಹಿಡಿದವರು ನಾವು.

ಆದಕಾರಣ ಭಕ್ತರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಸುಟ್ಟಗಾಯಕ್ಕೆ ಮೊದಲು 20 ನಿಮಿಷ ತಣ್ಣೀರು ಹರಿಸಿರಿ. ಆಳವಾದ, ಅಗಲವಾದ, ಕೀವು ತುಂಬಿದ ಗಾಯಕ್ಕೆ ಮನೆಮದ್ದು ಮಾಡುತ್ತ ಕೂಡಬೇಡಿರಿ. ಆಸ್ಪತ್ರೆಗಳು ಬಳಸುವ ಜೇನು ಗಾಮಾ ಕಿರಣಗಳಿಂದ ಶುದ್ಧಿಗೊಳಿಸಿದ್ದು, ಏಕೆಂದರೆ ಸಾಮಾನ್ಯ ಜೇನಿನಲ್ಲಿ ಅಪಾಯಕಾರಿ ರೋಗಾಣುಗಳ ಬೀಜಕಣಗಳು ಇರಬಹುದು. ಅಂಗಡಿಯಿಂದ ತಂದ ಸೀಸೆ ಅದಕ್ಕೆ ಸಮನಲ್ಲ. ಅಂಗಡಿಯ ಜೇನು ಶುದ್ಧ ಜೇನೇ ಎಂಬುದೂ ಖಚಿತವಿಲ್ಲ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಹೆಸರಿನ ಜೇನುಗಳನ್ನು ಸೂಕ್ಷ್ಮವಾದ ಎನ್.ಎಂ.ಆರ್. ಪರೀಕ್ಷೆಗೆ ಒಳಪಡಿಸಿದಾಗ 10 ಅದರಲ್ಲಿ ತೇರ್ಗಡೆಯಾಗಲಿಲ್ಲ. ಒಂದು ವರ್ಷ ತುಂಬದ ಕೂಸುಗಳ ನಾಲಿಗೆಗೆ ಶಾಸ್ತ್ರಕ್ಕೆಂದೂ ಜೇನು ಮುಟ್ಟಿಸಬೇಡಿರಿ. ಆ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ಪ್ರಾಣಕ್ಕೆ ಎರವಾದ ಪ್ರಸಂಗಗಳುಂಟು. ಇನ್ನು ಸಕ್ಕರೆ ರೋಗವುಳ್ಳವರು ದಿನವೂ ಮಲಗುವ ಮುನ್ನ ತಮ್ಮ ಅಂಗಾಲುಗಳನ್ನು ನೋಡಿಕೊಳ್ಳಲಿ, ಕಣ್ಣು ಮಂದವಾಗಿದ್ದರೆ ಮನೆಯವರು ನೋಡಲಿ. ಸಾಸಿವೆಯಷ್ಟು ಹುಣ್ಣು ಕಂಡರೂ, ನೋವಿಲ್ಲದಿದ್ದರೂ, ಅಂದೇ ವೈದ್ಯರ ಬಳಿಗೆ ಹೋಗಲಿ.

ಮಠಕ್ಕೆ ಬಂದು ಸ್ವಾಮಿಗಳಲ್ಲಿ ಮದ್ದು ಕೇಳುವುದು ನಮ್ಮ ಜನರ ಹಳೆಯ ವಾಡಿಕೆ. ಭಕ್ತರು ನಮ್ಮ ಮಾತನ್ನು ವೈದ್ಯರ ಮಾತಿಗಿಂತ ಹೆಚ್ಚಾಗಿ ನಂಬುತ್ತಾರೆ. ಆ ನಂಬಿಕೆ ಎಷ್ಟು ಭಾರವಾದುದೆಂಬುದನ್ನು ಎರಡು ಬೆರಳು ಕಳೆದುಕೊಂಡ ಆ ಹಿರಿಯರು ನಮಗೆ ಕಲಿಸಿದರು. ಅಂದಿನಿಂದ ಯಾರೇ ಗಾಯ ತೋರಿಸಿದರೂ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಕ್ಕರೆ ರೋಗ ಐತೇನಪ್ಪಾ?" ಐತೆಂದರೆ ಜೇನಿನ ಮಾತೆತ್ತದೆ ಆಸ್ಪತ್ರೆಯ ದಾರಿ ತೋರಿಸುತ್ತೇವೆ. ಗೊತ್ತಿಲ್ಲವೆಂದರೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತೇವೆ. ಓದುಗರೂ ತಮ್ಮ ಮನೆಯ ಹಿರಿಯರನ್ನು ಈ ಪ್ರಶ್ನೆ ಕೇಳಲಿ ಎಂಬುದೇ ನಮ್ಮ ಪ್ರಾರ್ಥನೆ.